ಪಿಸ್ತೂಲಿನ ದೋಷವೂ ನಿರ್ವಹಣೆಯ ಹೊಣೆಯೂ: ಉತ್ಪಾದಕರಿಗೊಂದು ಲೆಕ್ಕದ ಪಾಠ

ಮಾರಾಟವಾದ ವಸ್ತು ಕೆಟ್ಟುಹೋದಾಗ ತಯಾರಕನು ಕೇಳುವ ಮೊದಲ ಪ್ರಶ್ನೆ, ‘ಸರಿಯಾಗಿ ನಿರ್ವಹಣೆ ಮಾಡಿದ್ದೀರಾ?’ ಎಂಬುದು. ಗ್ರಾಹಕನು ಕೇಳುವ ಮೊದಲ ಪ್ರಶ್ನೆ, ‘ಮಾಲಿನಲ್ಲಿಯೇ ದೋಷವಿತ್ತಲ್ಲವೇ?’ ಎಂಬುದು. ಎರಡೂ ಪ್ರಶ್ನೆಗಳು ನ್ಯಾಯವಾದವೇ. ಆದರೆ ಒಂದಕ್ಕೆ ಇನ್ನೊಂದು ಉತ್ತರವಾಗುವುದಿಲ್ಲ. ವಸ್ತುವಿನಲ್ಲಿರುವ ದೋಷವು ತಯಾರಕನ ಸಾಲ. ನಿರ್ವಹಣೆಯು ಬಳಸುವವನ ಸಾಲ. ಒಬ್ಬರ ಸಾಲವನ್ನು ಇನ್ನೊಬ್ಬರ ಖಾತೆಗೆ ಬರೆದರೆ ಲೆಕ್ಕ ಕೆಲವು ಕಾಲ ಹೊಂದಿಕೆಯಾದಂತೆ ತೋರಬಹುದು, ತೀರುವಳಿಯಾಗಲಾರದು.

ಈ ವ್ಯತ್ಯಾಸವು ಅತ್ಯಂತ ಸ್ಪಷ್ಟವಾಗಿ ಕಾಣುವುದು ತಪ್ಪಿಗೆ ಅವಕಾಶವೇ ಇಲ್ಲದ ವಸ್ತುಗಳಲ್ಲಿ. ಅಂಗೈಯಲ್ಲಿ ಅಡಗುವಷ್ಟು ಚಿಕ್ಕದಾದ ಪಿಸ್ತೂಲು ಅಂತಹ ಒಂದು ವಸ್ತು. 2009ರಲ್ಲಿ ಅಮೆರಿಕದಲ್ಲಿ ಇಂತಹ ಪಿಸ್ತೂಲೊಂದನ್ನು ಅದರ ತಯಾರಕರು ಹಿಂದಕ್ಕೆ ಕರೆಸಿಕೊಂಡ ಪ್ರಸಂಗವು, ಪಂಪು, ವಾಲ್ವು, ಕೃಷಿ ಯಂತ್ರ, ವಿದ್ಯುತ್ ಸಾಮಗ್ರಿ ಮೊದಲಾದವನ್ನು ತಯಾರಿಸುವ ಯಾವುದೇ ಸಣ್ಣ ಉದ್ಯಮಿಯೂ ಅಭ್ಯಸಿಸತಕ್ಕ ವಿಷಯವಾಗಿದೆ.

ಪಿಪಿಕೆ ಪಿಸ್ತೂಲಿನ ಹಿನ್ನೆಲೆ

ಜರ್ಮನಿಯ ವಾಲ್ಥರ್ ಕಂಪನಿಯು 1929ರಲ್ಲಿ ‘ಪಿಪಿ’ ಎಂಬ ಪಿಸ್ತೂಲನ್ನೂ, 1931ರಲ್ಲಿ ಅದರ ಚಿಕ್ಕ ರೂಪವಾದ ‘ಪಿಪಿಕೆ’ಯನ್ನೂ ಮಾರುಕಟ್ಟೆಗೆ ತಂದಿತು. ಜೇಮ್ಸ್ ಬಾಂಡ್ ಚಲನಚಿತ್ರಗಳಿಂದಾಗಿ ಈ ಪಿಸ್ತೂಲಿನ ಹೆಸರು ಆಯುಧಗಳ ಪರಿಚಯವಿಲ್ಲದವರಿಗೂ ಗೊತ್ತು. ಅಮೆರಿಕದಲ್ಲಿ 1968ರ ಬಂದೂಕು ನಿಯಂತ್ರಣ ಕಾಯಿದೆಯು ಆಮದಾಗುವ ಪಿಸ್ತೂಲುಗಳ ಅಳತೆಯ ಬಗ್ಗೆ ನಿಯಮಗಳನ್ನು ತಂದಿತು. ಪಿಪಿಕೆಯ ಎತ್ತರ ಆ ನಿಯಮಕ್ಕೆ ಸ್ವಲ್ಪದರಲ್ಲಿ ಕಡಿಮೆಯಾಯಿತು. ಆಗ ಕಂಪನಿಯು ಪಿಪಿಯ ದೊಡ್ಡ ಚೌಕಟ್ಟಿನ ಮೇಲೆ ಪಿಪಿಕೆಯ ಚಿಕ್ಕ ನಳಿಕೆಯನ್ನೂ ಸ್ಲೈಡನ್ನೂ ಕೂಡಿಸಿ ‘ಪಿಪಿಕೆ/ಎಸ್’ ಎಂಬ ಮಾದರಿಯನ್ನು ಸಿದ್ಧಪಡಿಸಿತು. ಮುಂದೆ ಈ ಪಿಸ್ತೂಲುಗಳು ಪರವಾನಗಿಯ ಮೇರೆಗೆ ಅಮೆರಿಕದಲ್ಲಿಯೇ ತಯಾರಾಗತೊಡಗಿದವು. 2002ರಿಂದ ಈ ತಯಾರಿಕೆಯನ್ನು ನಡೆಸಿದ್ದು, ಆಗ ಮ್ಯಾಸಚೂಸೆಟ್ಸ್ ರಾಜ್ಯದ ಸ್ಪ್ರಿಂಗ್‌ಫೀಲ್ಡ್ ನಗರದಲ್ಲಿ ಪ್ರಧಾನ ಕಚೇರಿಯಿದ್ದ ಸ್ಮಿತ್ ಅಂಡ್ ವೆಸನ್ ಕಂಪನಿ.

ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ವಿನ್ಯಾಸ ಹಳೆಯದು, ಎಪ್ಪತ್ತು ವರ್ಷಗಳ ಕಾಲ ಬಳಕೆಯಲ್ಲಿ ಪಳಗಿದ್ದು. ತಯಾರಕರೂ 1852ರಷ್ಟು ಹಿಂದಿನಿಂದ ಆಯುಧಗಳ ವ್ಯವಹಾರದಲ್ಲಿದ್ದವರು. ಆದರೂ ದೋಷ ನುಸುಳಿತು. ಪರರ ನಕ್ಷೆಯಂತೆ ಬಿಡಿಭಾಗಗಳನ್ನು ಮಾಡಿಕೊಡುವ ಉದ್ಯಮಿಗಳು ‘ನಕ್ಷೆ ಅವರದು, ನಮಗೇನು ಭಯ?’ ಎಂದು ನಿಶ್ಚಿಂತೆಯಿಂದಿರಲಾಗದು ಎಂಬುದಕ್ಕೆ ಇದೇ ಸಾಕ್ಷಿ.

ದೋಷದ ಸ್ವರೂಪ

ಪಿಸ್ತೂಲಿನಲ್ಲಿ ಗುಂಡು ಹಾರುವ ಕ್ರಮ ಸರಳವಾದುದು. ಹ್ಯಾಮರ್ ಎಂಬ ಚಿಕ್ಕ ಸುತ್ತಿಗೆಯು ಸ್ಪ್ರಿಂಗಿನ ಬಲದಿಂದ ಮುಂದಕ್ಕೆ ಬಿದ್ದು ಫೈರಿಂಗ್ ಪಿನ್ ಎಂಬ ಸೂಜಿಯನ್ನು ಬಡಿಯುತ್ತದೆ, ಆ ಸೂಜಿಯು ತೋಟಾದ ಹಿಂಭಾಗವನ್ನು ಚುಚ್ಚುತ್ತದೆ, ಮದ್ದು ಹೊತ್ತಿಕೊಳ್ಳುತ್ತದೆ. ಹ್ಯಾಮರ್ ಎತ್ತಿಕೊಂಡಿರುವಾಗ ಪಿಸ್ತೂಲನ್ನು ಹಾಗೆಯೇ ಇಟ್ಟುಕೊಳ್ಳುವುದು ಅಪಾಯಕರ. ಆದುದರಿಂದ ಪಿಪಿಕೆಯ ಸ್ಲೈಡಿನ ಮೇಲೆ ಒಂದು ಸೇಫ್ಟಿ ಲಿವರ್ ಇರುತ್ತದೆ. ಅದನ್ನು ಕೆಳಕ್ಕೆ ತಿರುಗಿಸಿದರೆ ಉಕ್ಕಿನ ಭಾಗವೊಂದು ಹ್ಯಾಮರ್‌ಗೂ ಫೈರಿಂಗ್ ಪಿನ್ನಿಗೂ ನಡುವೆ ಅಡ್ಡ ಬರುತ್ತದೆ. ಅನಂತರ ಹ್ಯಾಮರ್ ಬಿಡುಗಡೆಯಾಗಿ ಆ ಅಡ್ಡಗೋಡೆಯ ಮೇಲೆ ಬೀಳುತ್ತದೆ. ಗುಂಡು ಹಾರದೆ ಪಿಸ್ತೂಲು ವಿಶ್ರಾಂತ ಸ್ಥಿತಿಗೆ ಬರುತ್ತದೆ.

ಈ ಏರ್ಪಾಡು ಕೆಲವೇ ಭಾಗಗಳ ಅಳತೆ, ಚಲನೆ ಮತ್ತು ಅನುಕ್ರಮವನ್ನು ಅವಲಂಬಿಸಿದೆ. ಮೊದಲು ಅಡ್ಡಗೋಡೆ, ಆಮೇಲೆ ಹ್ಯಾಮರ್ ಎಂಬ ಕ್ರಮದಲ್ಲಿ ಕೂದಲೆಳೆಯಷ್ಟು ಏರುಪೇರಾದರೂ ರಕ್ಷಣೆಗೆಂದು ಇರುವ ಲಿವರೇ ಅಪಘಾತದ ಕಾರಣವಾಗಬಲ್ಲದು.

2009ರ ಫೆಬ್ರವರಿಯಲ್ಲಿ ಸ್ಮಿತ್ ಅಂಡ್ ವೆಸನ್ ಪ್ರಕಟಿಸಿದ್ದು ಇಂತಹುದೇ ಒಂದು ಅಪಾಯವನ್ನು. ತಾನು ತಯಾರಿಸಿದ ಕೆಲವು ಪಿಪಿಕೆ ಮತ್ತು ಪಿಪಿಕೆ/ಎಸ್ ಪಿಸ್ತೂಲುಗಳಲ್ಲಿ, ನಳಿಕೆಯ ಕೋಣೆಯೊಳಗೆ ತೋಟಾ ಇರುವಾಗ ಹ್ಯಾಮರನ್ನು ಇಳಿಸಿದರೆ, ಟ್ರಿಗರ್ ಎಳೆಯದಿದ್ದರೂ ಗುಂಡು ಹಾರುವ ಸಾಧ್ಯತೆಯಿದೆ ಎಂದು ಕಂಪನಿಯು ತಿಳಿಸಿತು. ಈ ಪಿಸ್ತೂಲುಗಳ ಬಳಕೆಯನ್ನು ನಿಲ್ಲಿಸಿ ಕಾರ್ಖಾನೆಗೆ ಮರಳಿಸುವಂತೆ ಕೋರಿತು. ಸಾಗಣೆ ಮತ್ತು ದುರಸ್ತಿಯ ವೆಚ್ಚ ಕಂಪನಿಯದೇ ಆಯಿತು. ಹಿಂದಕ್ಕೆ ಕರೆಸಿಕೊಂಡದ್ದು 2002ರ ಮಾರ್ಚ್ 21ರಿಂದ 2009ರ ಫೆಬ್ರವರಿ 3ರವರೆಗೆ ತಯಾರಾದ ಪಿಸ್ತೂಲುಗಳನ್ನು. ಅಂದರೆ ಸುಮಾರು ಏಳು ವರ್ಷಗಳ ಉತ್ಪಾದನೆಯನ್ನು. ದೋಷವಿದ್ದುದು ಕೆಲವು ಪಿಸ್ತೂಲುಗಳಲ್ಲಿ. ಮರಳಿ ತರಿಸಬೇಕಾದದ್ದು ಆ ಅವಧಿಯ ಎಲ್ಲವನ್ನು.

ನಿರ್ವಹಣೆಯ ಶಕ್ತಿ ಮತ್ತು ಮಿತಿ

ಚಿಕ್ಕ ಪಿಸ್ತೂಲಿಗೆ ನಿರ್ವಹಣೆಯ ಅಗತ್ಯ ದೊಡ್ಡದಕ್ಕಿಂತ ಹೆಚ್ಚು. ಪಿಪಿಕೆಯಲ್ಲಿ ಗುಂಡು ಹಾರುವ ಕ್ಷಣದಲ್ಲಿ ಸ್ಲೈಡನ್ನು ಹಿಡಿದಿಡುವುದು ಅದರ ತೂಕ ಮತ್ತು ನಳಿಕೆಯ ಸುತ್ತ ಇರುವ ಸ್ಪ್ರಿಂಗು ಮಾತ್ರ, ಬೇರೆ ಬೀಗವಿಲ್ಲ. ಸ್ಪ್ರಿಂಗು ದುರ್ಬಲವಾದಷ್ಟೂ ಸ್ಲೈಡು ಚೌಕಟ್ಟಿಗೆ ಬಡಿಯುವ ಪೆಟ್ಟು ಹೆಚ್ಚುತ್ತದೆ, ಭಾಗಗಳು ಬೇಗ ಸವೆಯುತ್ತವೆ. ಮದ್ದಿನ ಮಸಿಯು ಹಳೆಯ ಎಣ್ಣೆಯೊಂದಿಗೆ ಸೇರಿ ಗಟ್ಟಿಯಾದರೆ ಚಿಕ್ಕ ಭಾಗಗಳ ಚಲನೆ ನಿಧಾನವಾಗುತ್ತದೆ. ಫೈರಿಂಗ್ ಪಿನ್ನಿನ ರಂಧ್ರ ಕಟ್ಟಿಕೊಂಡರೆ ತೋಟಾ ಹೊತ್ತಿಕೊಳ್ಳದೆ ಹೋಗಬಹುದು. ಆದುದರಿಂದ ಬಳಸಿದ ನಂತರ ಶುಚಿಮಾಡುವುದು, ಮಿತವಾಗಿ ಎಣ್ಣೆ ಹಾಕುವುದು, ಸ್ಪ್ರಿಂಗುಗಳನ್ನು ತಯಾರಕರು ಸೂಚಿಸಿದ ಅವಧಿಗೆ ಬದಲಾಯಿಸುವುದು ಮಾಲೀಕನ ಕರ್ತವ್ಯ. ಸ್ಪ್ರಿಂಗು ಆಸ್ತಿಯಲ್ಲ, ಖರ್ಚಾಗುವ ಸಾಮಗ್ರಿ. ಅದನ್ನು ಮುರಿಯುವವರೆಗೆ ಕಾಯದೆ ಅವಧಿ ಮುಗಿದಾಗ ಬದಲಾಯಿಸಬೇಕು.

ಆದರೆ ಮೇಲಿನ ದೋಷದ ವಿಷಯದಲ್ಲಿ ನಿರ್ವಹಣೆ ಏನು ಮಾಡಬಹುದಿತ್ತು? ಪ್ರತಿದಿನ ಒರೆಸಿ, ಎಣ್ಣೆ ಹಾಕಿ, ಹೊಸ ಸ್ಪ್ರಿಂಗು ಕೂಡಿಸಿದ ಪಿಸ್ತೂಲಿನಲ್ಲಿಯೂ ಕಾರ್ಖಾನೆಯಿಂದಲೇ ಬಂದ ದೋಷ ಹಾಗೆಯೇ ಉಳಿದಿರುತ್ತಿತ್ತು. ಶ್ರದ್ಧಾವಂತ ಮಾಲೀಕನು ಅಪಾಯಕ್ಕೆ ಹತ್ತಿರವಾಗುವುದು, ಕೈಪಿಡಿಯಲ್ಲಿ ಹೇಳಿದಂತೆ ಸೇಫ್ಟಿ ಲಿವರನ್ನು ಬಳಸಿದಾಗಲೇ! ಅಂತಹ ಸಂದರ್ಭದಲ್ಲಿ ಪ್ರಾಣ ಉಳಿಸುವುದು ಒಂದೇ: ಲಿವರನ್ನು ನಂಬಿದರೂ ಪಿಸ್ತೂಲಿನ ಬಾಯಿಯನ್ನು ಯಾರ ಕಡೆಗೂ ತಿರುಗಿಸದಿರುವ ಶಿಸ್ತು. ತಯಾರಕನ ತಪ್ಪಿನ ಪರಿಣಾಮವನ್ನು ಬಳಸುವವನ ಶಿಸ್ತು ತಗ್ಗಿಸಬಹುದು, ತಪ್ಪನ್ನೇ ತೊಡೆಯಲಾರದು.

ಇದರ ಇನ್ನೊಂದು ಮುಖವೂ ಸತ್ಯ. ದೋಷರಹಿತವಾದ ಅತ್ಯುತ್ತಮ ಯಂತ್ರವೂ ಮಸಿ ಹಿಡಿದು ಸ್ಪ್ರಿಂಗು ಸೋತರೆ ಕೈಕೊಡುತ್ತದೆ. ಆ ಹೊರೆಯನ್ನು ತಯಾರಕನ ಮೇಲೆ ಹೊರಿಸುವುದು ನ್ಯಾಯವಲ್ಲ. ಎರಡು ಖಾತೆಗಳೂ ಬೇರೆ ಬೇರೆಯಾಗಿಯೇ ಇರಬೇಕು.

ಮೂರು ಪ್ರಸಂಗಗಳು, ಮೂರು ದಾರಿಗಳು

ಅಮೆರಿಕದ ಗ್ರಾಹಕ ಉತ್ಪನ್ನ ಸುರಕ್ಷತಾ ಆಯೋಗಕ್ಕೆ ಬಂದೂಕುಗಳ ಮೇಲೆ ಅಧಿಕಾರವಿಲ್ಲ. ಹೀಗಾಗಿ ದೋಷಯುಕ್ತ ಪಿಸ್ತೂಲುಗಳನ್ನು ಹಿಂದಕ್ಕೆ ಕರೆಸುವುದು ಹೆಚ್ಚಾಗಿ ತಯಾರಕರ ಸ್ವಇಚ್ಛೆಗೆ ಅಥವಾ ನ್ಯಾಯಾಲಯದ ದಾರಿಗೆ ಬಿಟ್ಟದ್ದು. ಬಂದೂಕುಗಳ ಅಪರಾಧ ಬಳಕೆಗಾಗಿ ಹೂಡುವ ದಾವೆಗಳಿಂದ ತಯಾರಕರಿಗೆ ರಕ್ಷಣೆ ನೀಡಿದ 2005ರ ಕಾಯಿದೆಯೂ ಉತ್ಪನ್ನದ ದೋಷಕ್ಕೆ ಸಂಬಂಧಿಸಿದ ದಾವೆಗಳಿಗೆ ಬಾಗಿಲು ಮುಚ್ಚಲಿಲ್ಲ. ಈ ಹಿನ್ನೆಲೆಯಲ್ಲಿ ಇನ್ನೆರಡು ಪ್ರಸಂಗಗಳನ್ನು ಹೋಲಿಸುವುದು ಉಪಯುಕ್ತ.

ರೂಗರ್ ಕಂಪನಿಯು 2008ರಲ್ಲಿ ‘ಎಲ್‌ಸಿಪಿ’ ಎಂಬ ಅತಿ ಚಿಕ್ಕ ಪಿಸ್ತೂಲನ್ನು ಹೊರತಂದಿತು. ಕೋಣೆಯೊಳಗೆ ತೋಟಾ ಇರುವಾಗ ಗಟ್ಟಿ ನೆಲದ ಮೇಲೆ ಬಿದ್ದರೆ ಗುಂಡು ಹಾರಬಹುದೆಂಬುದು ತಿಳಿದಾಗ, ಅದೇ ವರ್ಷ ಕಂಪನಿಯು ಅವುಗಳನ್ನು ಹಿಂದಕ್ಕೆ ಕರೆಸಿತು. ‘370’ ಎಂದು ಆರಂಭವಾಗುವ ಕ್ರಮಸಂಖ್ಯೆಯ ಪಿಸ್ತೂಲುಗಳಿಗೆ ಮಾತ್ರ ಈ ಕರೆ. ‘371’ ಎಂದು ಆರಂಭವಾಗುವ, ಸುಧಾರಿಸಿದ ಪಿಸ್ತೂಲುಗಳಿಗೆ ಅನ್ವಯಿಸಲಿಲ್ಲ. ದುರಸ್ತಿ ಉಚಿತ; ತೊಂದರೆಯಾದುದಕ್ಕಾಗಿ ಗ್ರಾಹಕರಿಗೆ ಒಂದು ಹೆಚ್ಚುವರಿ ಮ್ಯಾಗಜಿನ್ ಕೂಡ ಉಚಿತ.

ಬ್ರೆಜಿಲ್ ಮೂಲದ ಟಾರಸ್ ಕಂಪನಿಯ ಪ್ರಸಂಗ ಬೇರೆ. ಅದರ ಚಿಕ್ಕ ಪಿಸ್ತೂಲುಗಳೂ ಸೇರಿದಂತೆ 9 ಮಾದರಿಗಳು ಕೆಳಗೆ ಬಿದ್ದಾಗ ಗುಂಡು ಹಾರಿಸಬಲ್ಲವೆಂದು ಆರೋಪಿಸಿ 2013ರಲ್ಲಿ ಫ್ಲೋರಿಡಾದ ಫೆಡರಲ್ ನ್ಯಾಯಾಲಯದಲ್ಲಿ ಸಾಮೂಹಿಕ ದಾವೆ ಹೂಡಲಾಯಿತು. ಕಂಪನಿಯು ಆರೋಪಗಳನ್ನು ಒಪ್ಪಲಿಲ್ಲ. ಆದರೂ 2015ರಲ್ಲಿ ರಾಜಿ ಒಪ್ಪಂದಕ್ಕೆ ಬಂದಿತು. ಒಪ್ಪಂದದ ವ್ಯಾಪ್ತಿಗೆ ಬಂದದ್ದು ಸುಮಾರು 10 ಲಕ್ಷ ಪಿಸ್ತೂಲುಗಳು. ವೆಚ್ಚದ ಅಂದಾಜು ಮಿತಿ ಸುಮಾರು 3.9 ಕೋಟಿ ಡಾಲರು, ಅದರಲ್ಲಿ ವಕೀಲರ ಶುಲ್ಕದ ಪಾಲೂ ಸಣ್ಣದಲ್ಲ.

ಒಬ್ಬರು ಮೊದಲ ವರ್ಷದಲ್ಲಿಯೇ ತಾವಾಗಿ ಕರೆಸಿದರು. ಇನ್ನೊಬ್ಬರು ಏಳು ವರ್ಷಗಳ ಉತ್ಪಾದನೆಯ ನಂತರ ಕರೆಸಿದರು. ಮೂರನೆಯವರು ನ್ಯಾಯಾಲಯದ ಮೂಲಕ ರಾಜಿಗೆ ಬಂದರು. ದೋಷವು ತಿಳಿಯಲು ತಡವಾದಷ್ಟೂ, ಒಪ್ಪಿಕೊಳ್ಳಲು ತಡವಾದಷ್ಟೂ, ಮಾರಾಟವಾದ ಪ್ರತಿಯೊಂದು ವಸ್ತುವೂ ಸಾಲದ ಪಟ್ಟಿಗೆ ಒಂದು ಸಾಲನ್ನು ಸೇರಿಸುತ್ತ ಹೋಗುತ್ತದೆ.

ಕ್ರಮಸಂಖ್ಯೆಯ ಬೆಲೆ

ಸಣ್ಣ ಉದ್ಯಮಿಗೆ ಈ ವಿಷಯವನ್ನು ಅಂಕಿಗಳಲ್ಲಿ ನೋಡುವುದು ಒಳಿತು. ತಿಂಗಳಿಗೆ 1,000 ವಾಲ್ವುಗಳನ್ನು ತಯಾರಿಸುವ ಒಂದು ಕಾರ್ಖಾನೆಯನ್ನು ಉದಾಹರಣೆಗಾಗಿ ಊಹಿಸಿಕೊಳ್ಳೋಣ. ಒಂದು ವಾಲ್ವನ್ನು ತರಿಸಿ, ಸರಿಪಡಿಸಿ, ಮರಳಿ ಕಳಿಸಲು 150 ರೂ. ವೆಚ್ಚ. ಕುಲುಮೆಯಲ್ಲಿ ಒಮ್ಮೆ ಹದಗೊಳಿಸಿದ 400 ಭಾಗಗಳಲ್ಲಿ ಮಾತ್ರ ದೋಷವಿದೆಯೆಂದು ತಿಳಿದುಬರುತ್ತದೆ. ಆ ಭಾಗಗಳು ಯಾವ ಕ್ರಮಸಂಖ್ಯೆಯ ವಾಲ್ವುಗಳಿಗೆ ಹೋದವು ಎಂಬ ದಾಖಲೆಯಿದ್ದರೆ ವೆಚ್ಚ 60,000 ರೂ. ದಾಖಲೆ ಇಲ್ಲದಿದ್ದರೆ, ಏಳು ವರ್ಷಗಳಲ್ಲಿ ಮಾರಾಟವಾದ 84,000 ವಾಲ್ವುಗಳೂ ಸಂಶಯಾಸ್ಪದವೇ. ವೆಚ್ಚ 1 ಕೋಟಿ 26 ಲಕ್ಷ ರೂ.

ಎರಡು ಮೊತ್ತಗಳ ನಡುವಿನ ಅಂತರವು ದೋಷದ ಬೆಲೆಯಲ್ಲ, ದಾಖಲೆಯಿಲ್ಲದಿರುವುದರ ಬೆಲೆ. ವಸ್ತುವಿನ ಮೇಲೆ ಒತ್ತುವ ನಾಲ್ಕಾರು ಅಂಕಿಗಳಿಗೂ, ಅದಕ್ಕೆ ಹೊಂದುವ ಒಂದು ರಿಜಿಸ್ಟರಿಗೂ ಇಷ್ಟು ಮೌಲ್ಯವಿದೆಯೆಂಬುದನ್ನು ಅನೇಕರು ದೋಷ ಬಯಲಾದ ಮೇಲೆಯೇ ಅರಿಯುತ್ತಾರೆ.

ಲೆಕ್ಕಪುಸ್ತಕದಲ್ಲಿ ದೋಷದ ಸ್ಥಾನ

ವಾರಂಟಿ ನೀಡಿ ಮಾರಿದ ವಸ್ತುವಿನ ದುರಸ್ತಿಯ ಹೊಣೆ ಹುಟ್ಟುವುದು ಗ್ರಾಹಕನು ದೂರು ತಂದ ದಿನವಲ್ಲ, ಮಾರಾಟವಾದ ದಿನ. ಭಾರತದ ಲೆಕ್ಕಪತ್ರ ಮಾನದಂಡ 29 ಇದನ್ನೇ ಹೇಳುತ್ತದೆ. ಹಿಂದೆ ನಡೆದ ಘಟನೆಯಿಂದ ಈಗ ಒಂದು ಹೊಣೆಯಿರಬೇಕು. ಅದನ್ನು ತೀರಿಸಲು ಹಣ ಹೊರಹೋಗುವ ಸಂಭವವಿರಬೇಕು. ಮೊತ್ತವನ್ನು ವಿಶ್ವಾಸಾರ್ಹವಾಗಿ ಅಂದಾಜು ಮಾಡಲು ಸಾಧ್ಯವಿರಬೇಕು. ಈ ಮೂರೂ ಇದ್ದರೆ ಲಾಭ-ನಷ್ಟ ಖಾತೆಗೆ ಖರ್ಚು ಬರೆದು ಪ್ರಾವಿಷನ್ ಮಾಡಬೇಕು.

2009ರಲ್ಲಿ ರೋಟಾರ್ಕ್ ಕಂಟ್ರೋಲ್ಸ್ ಇಂಡಿಯಾ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು ಇದೇ ಮೂರು ನಿಬಂಧನೆಗಳನ್ನು ಮುಂದಿಟ್ಟುಕೊಂಡು, ಹಿಂದಿನ ಅನುಭವದ ಆಧಾರದ ಮೇಲೆ ಮಾಡಿದ ವಾರಂಟಿ ಪ್ರಾವಿಷನ್ ಆದಾಯ ತೆರಿಗೆಯ ಲೆಕ್ಕದಲ್ಲಿಯೂ ಕಳೆಯತಕ್ಕ ಖರ್ಚೆಂದು ಎತ್ತಿಹಿಡಿಯಿತು. ವಾಲ್ವುಗಳನ್ನು ನಡೆಸುವ ಆಕ್ಚುಯೇಟರುಗಳನ್ನು ಆ ಕಂಪನಿಯು ವಾರಂಟಿಯೊಂದಿಗೆ ಮಾರುತ್ತಿತ್ತು. ಅಂದಾಜು ಕೇವಲ ಊಹೆಯಾಗಿರಬಾರದು. ಹಿಂದಿನ ವರ್ಷಗಳ ದೂರು ಮತ್ತು ದುರಸ್ತಿಯ ಅಂಕಿಅಂಶಗಳು ಅದರ ಬೆನ್ನಿಗಿರಬೇಕು ಎಂಬುದು ಆ ತೀರ್ಪಿನ ಸಾರ. ಮುಂದೆ ಜಾರಿಗೆ ಬಂದ ಆದಾಯ ಗಣನೆಯ ಮಾನದಂಡಗಳು ಇನ್ನಷ್ಟು ಖಚಿತತೆಯನ್ನು ಅಪೇಕ್ಷಿಸುವುದರಿಂದ ದಾಖಲೆಗಳ ಮಹತ್ವ ಹೆಚ್ಚಿದೆಯೇ ಹೊರತು ಕಡಿಮೆಯಾಗಿಲ್ಲ.

ಉದಾಹರಣೆಗೆ, ವರ್ಷಕ್ಕೆ 2 ಕೋಟಿ ರೂ. ಮಾರಾಟವಿರುವ ಉದ್ಯಮದಲ್ಲಿ ಹಿಂದಿನ ವರ್ಷಗಳ ಅನುಭವದಂತೆ ಶೇ. 1.5ರಷ್ಟು ಮೊತ್ತ ವಾರಂಟಿಗೆ ಖರ್ಚಾಗುವುದಾದರೆ, 3 ಲಕ್ಷ ರೂ. ಪ್ರಾವಿಷನ್ ಆಗಬೇಕು. ಅದರಲ್ಲಿ 1.10 ಲಕ್ಷ ರೂ. ಅದೇ ವರ್ಷ ಖರ್ಚಾದರೆ ಉಳಿದ 1.90 ಲಕ್ಷ ರೂ. ಅಢಾವೆ ಪತ್ರಿಕೆಯಲ್ಲಿ ಹೊಣೆಯಾಗಿ ಕಾಣಬೇಕು. ಇದನ್ನು ತೋರಿಸದ ಉದ್ಯಮಿಯು ತನ್ನದಲ್ಲದ 1.90 ಲಕ್ಷ ರೂ.ಗಳನ್ನು ಲಾಭವೆಂದು ಭ್ರಮಿಸುತ್ತಾನೆ.

ಲೆಕ್ಕಪುಸ್ತಕವು ಎಚ್ಚರಿಸದ ನಿರ್ವಹಣೆ

ಇಲ್ಲಿ ಒಂದು ಸೂಕ್ಷ್ಮವಿದೆ. ಗ್ರಾಹಕನಿಗೆ ಕೊಟ್ಟ ವಾರಂಟಿಗೆ ಪ್ರಾವಿಷನ್ ಉಂಟು. ತನ್ನದೇ ಕಾರ್ಖಾನೆಯ ಯಂತ್ರಗಳಿಗೆ ಮುಂದೆ ಬೇಕಾಗುವ ನಿರ್ವಹಣೆಗೆ ಪ್ರಾವಿಷನ್ ಇಲ್ಲ. ಐದು ವರ್ಷಗಳಿಗೊಮ್ಮೆ ಒಳಪದರ ಬದಲಾಯಿಸಬೇಕಾದ ಕುಲುಮೆಯ ಉದಾಹರಣೆಯನ್ನು ಮಾನದಂಡ 29 ತಾನೇ ಕೊಡುತ್ತದೆ. ಮೂರು ವರ್ಷ ಕಳೆದಿದ್ದರೂ ಆ ಖರ್ಚಿಗೆ ಪ್ರಾವಿಷನ್ ಮಾಡುವಂತಿಲ್ಲ. ಏಕೆಂದರೆ ಒಳಪದರ ಬದಲಾಯಿಸಲೇಬೇಕೆಂಬ ಹೊಣೆ ಮಾಲೀಕನಿಗೆ ಯಾರಿಂದಲೂ ಬಂದಿಲ್ಲ, ಅವನ ಮುಂದಿನ ತೀರ್ಮಾನವನ್ನು ಅದು ಅವಲಂಬಿಸಿದೆ.

ಲೆಕ್ಕದ ದೃಷ್ಟಿಯಿಂದ ಇದು ಸರಿಯೇ. ಆದರೆ ಇದರ ಪರಿಣಾಮವನ್ನು ಉದ್ಯಮಿಯು ಅರಿತಿರಬೇಕು. ಕುಲುಮೆಯ ದುರಸ್ತಿಯನ್ನು ಮುಂದೂಡಿದ ವರ್ಷ ಲಾಭ ಹೆಚ್ಚಾಗಿ ಕಾಣುತ್ತದೆ. ಅಢಾವೆ ಪತ್ರಿಕೆಯ ಯಾವ ಮೂಲೆಯಲ್ಲಿಯೂ ಎಚ್ಚರಿಕೆಯ ಗಂಟೆ ಬಾರಿಸುವುದಿಲ್ಲ. ಇತ್ತ ಸವೆದ ಡೈ, ಅಳತೆ ತಪ್ಪಿದ ಗೇಜು, ತಾಪ ಏರುಪೇರಾಗುವ ಕುಲುಮೆ ಇವುಗಳಿಂದ ಹೊರಬರುವ ಪ್ರತಿಯೊಂದು ಭಾಗವೂ ದೋಷವನ್ನು ಹೊತ್ತು ಗ್ರಾಹಕನ ಮನೆಗೆ ಹೋಗಬಹುದು. ತಯಾರಕನು ತನ್ನ ಅಂಗಳದಲ್ಲಿ ಬಿಟ್ಟ ನಿರ್ವಹಣೆಯೇ ಗ್ರಾಹಕನ ಕೈಯಲ್ಲಿ ದೋಷವಾಗಿ ಹುಟ್ಟುತ್ತದೆ. ದೋಷ ಮತ್ತು ನಿರ್ವಹಣೆ ಬೇರೆ ಬೇರೆ ಖಾತೆಗಳಾದರೂ ಇವೆರಡೂ ಸಂಧಿಸುವ ಸ್ಥಳ ಕಾರ್ಖಾನೆಯೇ ಆಗಿದೆ.

ಭಾರತದ ಕಾನೂನಿನ ನಿಲುವು

2020ರ ಜುಲೈನಲ್ಲಿ ಜಾರಿಗೆ ಬಂದ 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯು ಉತ್ಪನ್ನ ಹೊಣೆಗಾರಿಕೆಗೆಂದೇ ಒಂದು ಅಧ್ಯಾಯವನ್ನು ಮೀಸಲಿಟ್ಟಿದೆ. ತಯಾರಿಕೆಯ ದೋಷ, ವಿನ್ಯಾಸದ ದೋಷ, ನಿಗದಿತ ಅಳತೆಗಳಿಂದ ವ್ಯತ್ಯಾಸ, ಕೊಟ್ಟ ವಾರಂಟಿಗೆ ಹೊಂದದಿರುವುದು, ಸರಿಯಾದ ಬಳಕೆಯ ಸೂಚನೆ ಅಥವಾ ಎಚ್ಚರಿಕೆ ನೀಡದಿರುವುದು ಇವುಗಳಲ್ಲಿ ಯಾವುದರಿಂದ ಹಾನಿಯಾದರೂ ತಯಾರಕನು ಹೊಣೆಗಾರನಾಗುತ್ತಾನೆ. ಗ್ರಾಹಕನು ವಸ್ತುವನ್ನು ದುರುಪಯೋಗಪಡಿಸಿದ್ದರೆ ಅಥವಾ ಮಾರ್ಪಡಿಸಿದ್ದರೆ ಹೊಣೆಯಿಂದ ವಿನಾಯಿತಿಗೆ ಅವಕಾಶವಿದೆ. ಅಪಾಯಕರ ವಸ್ತುಗಳನ್ನು ಹಿಂದಕ್ಕೆ ಕರೆಸುವಂತೆ ಆದೇಶಿಸುವ ಅಧಿಕಾರ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರಕ್ಕೆ ಉಂಟು.

ಬಳಕೆಯ ಸೂಚನೆ ನೀಡದಿರುವುದೂ ಈ ಪಟ್ಟಿಯಲ್ಲಿರುವುದನ್ನು ವಿಶೇಷವಾಗಿ ಗಮನಿಸಬೇಕು. ಯಾವ ಭಾಗವನ್ನು ಎಷ್ಟು ದಿನಕ್ಕೊಮ್ಮೆ ಶುಚಿಮಾಡಬೇಕು, ಯಾವುದನ್ನು ಯಾವಾಗ ಬದಲಾಯಿಸಬೇಕು ಎಂದು ಗ್ರಾಹಕನಿಗೆ ತಿಳಿಯುವ ಭಾಷೆಯಲ್ಲಿ ಹೇಳದ ತಯಾರಕನು, ಮುಂದೆ ‘ನಿರ್ವಹಣೆ ಮಾಡಲಿಲ್ಲ’ ಎಂದು ವಾದಿಸಿದರೆ ಆ ವಾದಕ್ಕೆ ಬಲವಿರಲಾರದು.

ಅನುಸರಿಸತಕ್ಕ ಕ್ರಮಗಳು

1. ಪ್ರತಿಯೊಂದು ವಸ್ತುವಿಗೆ ಅಥವಾ ತಂಡಕ್ಕೆ ಕ್ರಮಸಂಖ್ಯೆ ನೀಡಿ, ಕಚ್ಚಾಮಾಲು, ತಯಾರಾದ ದಿನ ಮತ್ತು ಖರೀದಿದಾರರ ವಿವರಗಳೊಂದಿಗೆ ದಾಖಲಿಸುವುದು.

2. ಬಂದ ದೂರುಗಳನ್ನು ‘ದೋಷ’, ‘ನಿರ್ವಹಣೆಯ ಕೊರತೆ’, ‘ಸಹಜ ಸವೆತ’ ಎಂದು ಪ್ರತ್ಯೇಕವಾಗಿ ವಿಂಗಡಿಸುವುದು. ಒಂದೇ ಬಗೆಯ ದೂರು ಮೂರು ಕಡೆಯಿಂದ ಬಂದರೆ ಗ್ರಾಹಕರನ್ನು ಶಂಕಿಸುವ ಮೊದಲು ಮಾಲನ್ನು ಪರೀಕ್ಷಿಸುವುದು.

3. ಈ ಅಂಕಿಅಂಶಗಳ ಆಧಾರದಿಂದ ವರ್ಷಾಂತ್ಯದಲ್ಲಿ ವಾರಂಟಿ ಪ್ರಾವಿಷನ್ ಮಾಡುವುದು.

4. ಯಂತ್ರ, ಡೈ, ಗೇಜುಗಳ ನಿರ್ವಹಣೆಗೆ ಪ್ರತ್ಯೇಕ ರಿಜಿಸ್ಟರನ್ನಿಟ್ಟು, ಮುಂದೂಡಿದ ಕೆಲಸಗಳ ಅಂದಾಜು ಮೊತ್ತವನ್ನು ಆಯವ್ಯಯ ಅಂದಾಜಿನಲ್ಲಿ ಸೇರಿಸುವುದು.

5. ನಿರ್ವಹಣೆಯ ಸೂಚನಾಪತ್ರವನ್ನು ಸರಳವಾದ ಕನ್ನಡದಲ್ಲಿಯೂ ಮುದ್ರಿಸಿ ಮಾಲಿನೊಡನೆ ಕಳಿಸುವುದು.

6. ದೋಷ ಖಚಿತವಾದ ಕೂಡಲೇ ಆ ತಂಡದ ಮಾರಾಟವನ್ನು ನಿಲ್ಲಿಸಿ, ಖರೀದಿಸಿದವರಿಗೆ ಲಿಖಿತವಾಗಿ ತಿಳಿಸುವುದು.

ಪಿಪಿಕೆ ಪಿಸ್ತೂಲನ್ನು ಕೊಂಡವನು ಸೇಫ್ಟಿ ಲಿವರನ್ನು ಇಳಿಸುವಾಗ, ತಾನು ಎಂದೂ ಕಾಣದ ಕಾರ್ಖಾನೆಯೊಂದರ ಕಾರ್ಮಿಕನ ಅಳತೆಯನ್ನು ನಂಬುತ್ತಾನೆ. ಪಂಪಿನ ಸ್ವಿಚ್ಚು ಒತ್ತುವ ರೈತನದೂ, ಅಡುಗೆ ಅನಿಲದ ವಾಲ್ವು ತಿರುಗಿಸುವ ಗೃಹಿಣಿಯದೂ ಅಂತಹುದೇ ನಂಬಿಕೆ. ಆ ನಂಬಿಕೆಗೆ ತಯಾರಕನು ಬೆಲೆಯನ್ನು ಮಾರಾಟದ ದಿನವೇ ಪಡೆದಾಗಿದೆ. ಹೊಣೆಯನ್ನೂ ಅಂದೇ ಬರೆದಿಡುವುದು ಶುದ್ಧವಾದ ಲೆಕ್ಕ.